ಪರದೆಯ ಹಿಂದೆ: ಹಳೇ ಕ್ಯಾಮೆರಾ, ಹೊಸ ಗಿರಾಕಿ

"ಸಾರ್, ಒಂದೇ ಒಂದು ಕಿರುಚಿತ್ರ ನಿಜವಾದ ರೀಲಿನಲ್ಲಿ ತೆಗೀಬೇಕು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಯಾರ ಹತ್ರ ಕೊಳ್ಳಬೇಕು? ಮೋಸ ಹೋಗದ ಹಾಗೆ ಒಂದು ದಾರಿ ಹೇಳಿ..."

ಇಂಥ ಕಾಗದಗಳು ಹಾಸನದಿಂದ ಬಂದಿವೆ, ಗದಗದಿಂದ ಬಂದಿವೆ, ಪುತ್ತೂರಿನಿಂದಲೂ ಬಂದಿವೆ. ಒಬ್ಬೊಬ್ಬರಿಗೆ ಉತ್ತರ ಬರೆಯುತ್ತ ಕೂರುವ ಬದಲು ಈ ವಾರದ ಕಾಲಂ ಪೂರ್ತಿ ಇದಕ್ಕೇ ಮೀಸಲು.

ಮೊಬೈಲಿನಲ್ಲೇ ಸಿನಿಮಾ ತೆಗೆಯುವ ಕಾಲದಲ್ಲಿ ಇದೆಂಥ ಹುಚ್ಚು ಅಂತ ನಗಬೇಡಿ. ಕ್ರಿಸ್ಟೋಫರ್ ನೋಲನ್ 2023ರ 'ಆಪನ್‌ಹೈಮರ್' ತೆಗೆದದ್ದು ಫಿಲ್ಮಿನಲ್ಲೇ. ಅದೇ ನೋಲನ್ ಮೊದಲ ಚಿತ್ರ 'ಫಾಲೋಯಿಂಗ್' (1998) ತೆಗೆದದ್ದು 16 ಎಂಎಂ ಕಪ್ಪು-ಬಿಳುಪಿನಲ್ಲಿ, ಗೆಳೆಯರನ್ನು ಸೇರಿಸಿಕೊಂಡು, ರಜೆ ಸಿಕ್ಕಾಗ. ರಾಬರ್ಟ್ ರಾಡ್ರಿಗಸ್ ಸುಮಾರು 7,000 ಡಾಲರಿನಲ್ಲಿ 'ಎಲ್ ಮರಿಯಾಚಿ' (1992) ಮುಗಿಸಿದಾಗ ಅವನ ಕೈಯಲ್ಲಿದ್ದ 16 ಎಂಎಂ ಕ್ಯಾಮೆರಾ ಎರವಲು ತಂದದ್ದು! ನಮ್ಮ ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ' (1955) ಕೂಡ ಬಾಡಿಗೆ ಕ್ಯಾಮೆರಾದ್ದೇ. ಅದರ ಛಾಯಾಗ್ರಾಹಕ ಸುಬ್ರತೋ ಮಿತ್ರ ಅದಕ್ಕೆ ಮುಂಚೆ ಮೂವಿ ಕ್ಯಾಮೆರಾ ನಡೆಸಿದವರೇ ಅಲ್ಲ.

ಆದ್ದರಿಂದ ಮೊದಲ ಮಾತು: ಬಾಡಿಗೆಗೋ ಎರವಲಿಗೋ ಸಿಗುತ್ತಾ ನೋಡಿ. ಸಿಗದಿದ್ದರೆ ಮಾತ್ರ ಕೊಳ್ಳುವ ಯೋಚನೆ.

ಕೊಳ್ಳೋದಾದ್ರೆ ಹಳೇದೇ ಗತಿ. 2011ರ ಹೊತ್ತಿಗೆ ಆರ್ರಿ, ಪ್ಯಾನಾವಿಷನ್, ಆಟನ್ ಮೂರೂ ಕಂಪನಿಗಳು ಫಿಲ್ಮ್ ಕ್ಯಾಮೆರಾ ತಯಾರಿಸುವುದನ್ನು ನಿಲ್ಲಿಸಿದ್ದವು. ನಮ್ಮಂಥವರ ಕೈಗೆ ಬರುವುದು ಸ್ವಿಟ್ಜರ್ಲೆಂಡಿನ ಬೋಲೆಕ್ಸ್ ಎಚ್-16, ಸೋವಿಯತ್ ರಷ್ಯಾದ ಕ್ರಾಸ್ನೊಗೋರ್ಸ್ಕ್-3, ಇಲ್ಲವೇ 1965ರಲ್ಲಿ ಕೊಡಕ್ ತಂದ ಸೂಪರ್-8 ಜಾತಿಯ ಪುಟ್ಟ ಕ್ಯಾಮೆರಾಗಳು. ಮೊದಲೆರಡಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಗಡಿಯಾರದ ಹಾಗೆ ಕೀ ಕೊಟ್ಟರೆ ಸ್ಪ್ರಿಂಗ್ ಮೇಲೆ ಓಡುತ್ತವೆ.

ಇಲ್ಲೇ ಹುಷಾರಾಗಿರಬೇಕು. ನನ್ನ ಗೆಳೆಯನೊಬ್ಬ ಕ್ಯಾಮೆರಾ ಅಸಿಸ್ಟೆಂಟ್. ಎರಡು ವರ್ಷ ಬೇಟಾದಲ್ಲಿ ಉಳಿಸಿದ ದುಡ್ಡು ಸುರಿದು, ಫೋನಿನಲ್ಲಿ ಬಂದ ನಾಲ್ಕು ಫೋಟೋ ನೋಡಿ ಒಂದು ಹಳೇ 16 ಎಂಎಂ ತರಿಸಿದ. "ಕಂಡಿಷನ್ ಸೂಪರ್, ಓಡುತ್ತೆ" ಅಂದಿದ್ದನಂತೆ ಮಾರಿದವನು. ಓಡಿದ್ದೇನೋ ನಿಜ! ಆದರೆ ಅದರ ಒಳಗಿನ ಚಕ್ರಕ್ಕೆ ಎರಡೂ ಕಡೆ ಹಲ್ಲು. ಅಂದರೆ ಎರಡೂ ಅಂಚಿನಲ್ಲಿ ತೂತಿರುವ ಹಳೇ ಕಾಲದ ಫಿಲ್ಮಿಗೆ ಮಾಡಿದ್ದು. ಇವತ್ತು ಸುಲಭವಾಗಿ ಸಿಗುವ 16 ಎಂಎಂ ಫಿಲ್ಮಿಗೆ ತೂತು ಒಂದೇ ಕಡೆ. ಮೊದಲ ರೋಲೇ ಹರಿದು ಚಿಂದಿ. ಮಾರಿದವನ ಫೋನ್ ಆ ಹೊತ್ತಿಗೆ ಸ್ವಿಚ್ಡ್ ಆಫ್. ಕ್ಯಾಮೆರಾ ಈಗ ಅವನ ರೂಮಿನ ಷೋಕೇಸಿನಲ್ಲಿದೆ.

'ಓಡುತ್ತೆ' ಅನ್ನೋದು ಬೇರೆ, 'ಕೆಲಸ ಮಾಡುತ್ತೆ' ಅನ್ನೋದು ಬೇರೆ, ತಿಳೀತಾ?

ಹಾಗಾದ್ರೆ ನಂಬಿಕಸ್ಥ ವ್ಯಾಪಾರಿ ಯಾರು? ಅಂಗಡಿಯ ಬೋರ್ಡು ನೋಡಬೇಡಿ, ನಡವಳಿಕೆ ನೋಡಿ. ಕೇಳುವ ಮೊದಲೇ ಊನ ಹೇಳುವವನು ಒಳ್ಳೆಯವನು. ಬಿಲ್ಲಿನಲ್ಲಿ ಕ್ಯಾಮೆರಾದ ಸೀರಿಯಲ್ ನಂಬರ್, ಲೆನ್ಸಿನ ನಂಬರ್ ಎರಡನ್ನೂ ಬರೆದುಕೊಡಬೇಕು. ನಾಳೆ ಅದು ಕದ್ದ ಮಾಲು ಅಂತ ಗೊತ್ತಾದರೆ ನಿಮ್ಮನ್ನು ಕಾಪಾಡುವುದು ಆ ಚೀಟಿಯೇ. ಒಂದು ರೋಲ್ ಹಾಕಿ ಟೆಸ್ಟ್ ಮಾಡಿ ಬರ್ತೀನಿ ಅಂದರೆ ಒಪ್ಪಬೇಕು, ಇಷ್ಟು ದಿನದೊಳಗೆ ವಾಪಸ್ ತಗೋತೀನಿ ಅಂತ ಬರೆದುಕೊಡಬೇಕು. ಸರ್ವೀಸ್ ಯಾವಾಗ ಆಯ್ತು, ಯಾವ ಮೆಕ್ಯಾನಿಕ್ ಮಾಡಿದ ಅಂತ ಹೇಳಬೇಕು. "ಇನ್ನೊಬ್ಬ ಗಿರಾಕಿ ಸಂಜೆ ಬರ್ತಾನೆ, ಈಗಲೇ ಅಡ್ವಾನ್ಸ್ ಕೊಡಿ" ಅಂತ ಅವಸರ ಮಾಡಿದರೆ ನಮಸ್ಕಾರ ಹಾಕಿ ಎದ್ದು ಬನ್ನಿ.

ಮುಂಬಯಿಯ ಚೋರ್ ಬಜಾರ್, ಬೆಂಗಳೂರು ಚಿಕ್ಕಪೇಟೆಯ ಭಾನುವಾರದ ಬಜಾರ್ ಇವೆಲ್ಲ ನೋಡೋಕೆ ಚೆಂದ. ಆದರೆ ಅಲ್ಲಿ ವಾಪಸ್ ಅನ್ನೋ ಮಾತಿಲ್ಲ. ಅಲ್ಲಿ ಕೊಂಡರೆ ಆಟದ ಸಾಮಾನು ಕೊಂಡೆ ಅಂದುಕೊಂಡೇ ದುಡ್ಡು ಕೊಡಿ. ಹೊರದೇಶದಲ್ಲಿ ಅಮೆರಿಕದ ಕೆಇಎಚ್ (1979ರಿಂದ), ಇಂಗ್ಲೆಂಡಿನ ಎಂಪಿಬಿ (2011ರಿಂದ) ಥರದ ಅಂಗಡಿಗಳಿಗೆ ಹಳೇ ಕ್ಯಾಮೆರಾವೇ ಕಸುಬು. ಪ್ರತಿ ಮಾಲಿಗೂ ದರ್ಜೆ ಹಾಕಿ ಮಾರುತ್ತಾರೆ. 'ಆಸ್ ಈಸ್' ಅಂತ ಬರೆದಿದ್ದರೆ ಮಾತ್ರ ದೂರ ಇರಿ. ಇದ್ದ ಹಾಗೆ ಕೊಡ್ತೀವಿ, ಆಮೇಲೆ ಕೇಳಬೇಡಿ ಅಂತ ಅದರ ಅರ್ಥ. ಹೊರಗಿಂದ ತರಿಸುವಾಗ ಸಾಗಾಟ, ಕಸ್ಟಮ್ಸ್ ಸುಂಕ ಬೇರೆ ಬೀಳುತ್ತೆ. ಮೊದಲೇ ವಿಚಾರಿಸಿ.

ಇನ್ನು ಕೈಗೆ ಬಂದಾಗ ಏನು ನೋಡಬೇಕು? ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಎಳೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವಕ್ಕೆ ಲೆನ್ಸಿಗೆ ಹಿಡಿಯುವ ರೋಗ ಅದೇ. ಒಳಗಿನ ಐರಿಸ್ ಎಲೆಗಳ ಮೇಲೆ ಎಣ್ಣೆ ಇರಬಾರದು. ಕೀ ಪೂರ್ತಿ ಕೊಟ್ಟು ಕೊನೇತನಕ ಓಡಿಸಿ. ವೇಗ ಕುಂಟಿದರೆ, ಶಬ್ದ ಎಳೆದರೆ ಒಳಗೆ ಗ್ರೀಸ್ ಒಣಗಿದೆ ಅಂತ ಲೆಕ್ಕ. ಫಿಲ್ಮ್ ಹಾಯುವ ಗೇಟಿನ ಮೇಲೆ ಬೆರಳು ಆಡಿಸಿ. ಉಗುರಿಗೆ ಗೀರು ತಾಗಿದರೆ ನಿಮ್ಮ ನಾಯಕಿಯ ಮುಖದ ಮೇಲೂ ಅದೇ ಗೀರು! ಸೂಪರ್-8 ಆದರೆ ಬ್ಯಾಟರಿ ಗೂಡು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಬೇಡ. ಕೆಲವದರ ಲೈಟ್ ಮೀಟರ್ ಹಳೇ ಪಾದರಸದ ಸೆಲ್ಲಿಗೆ ಮಾಡಿದ್ದು. ಅದಕ್ಕೆ ಈಗಿನ ಸೆಲ್ ಹಾಕಿದರೆ ಮೀಟರ್ ಸುಳ್ಳು ಹೇಳುತ್ತೆ.

ಇಷ್ಟಾದ ಮೇಲೂ ದೊಡ್ಡ ಖರ್ಚು ಕ್ಯಾಮೆರಾದ್ದಲ್ಲ. ಲೆಕ್ಕ ಹಾಕಿ: 100 ಅಡಿಯ 16 ಎಂಎಂ ರೋಲು ಸೆಕೆಂಡಿಗೆ 24 ಚಿತ್ರದಂತೆ ಓಡಿದರೆ 2 ನಿಮಿಷ 46 ಸೆಕೆಂಡಿನಲ್ಲಿ ಖಾಲಿ. ಒಂದು ಹಾಡಿಗೂ ಸಾಲದು! ಆಮೇಲೆ ತೊಳೆಸಬೇಕು, ಸ್ಕ್ಯಾನ್ ಮಾಡಿಸಬೇಕು. ಫ್ಯೂಜಿ ಕಂಪನಿ 2013ರಲ್ಲೇ ಶೂಟಿಂಗ್ ಫಿಲ್ಮ್ ನಿಲ್ಲಿಸಿತು. ಹಾಗಾಗಿ ಫಿಲ್ಮ್ ಎಲ್ಲಿ ಸಿಗುತ್ತೆ, ಯಾವ ಲ್ಯಾಬ್ ತೊಳೆದು ಕೊಡುತ್ತೆ ಅನ್ನೋದನ್ನು ಮೊದಲು ಖಚಿತ ಮಾಡಿಕೊಂಡು, ಆಮೇಲೆ ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿ.

ಅಷ್ಟು ದುಡ್ಡು ಜೇಬಲ್ಲಿ ಇಲ್ವಾ? ನಾಚಿಕೆ ಬೇಡ, ಬಹಳ ಜನರ ಜೇಬಲ್ಲಿಲ್ಲ. ಪೆಂಟ್ಯಾಕ್ಸ್ ಕೆ-1000 ಅನ್ನುವ ಸ್ಟಿಲ್ ಕ್ಯಾಮೆರಾ 1976ರಿಂದ 1997ರವರೆಗೆ ತಯಾರಾಯಿತು. ಬ್ಯಾಟರಿ ಮೀಟರಿಗೆ ಮಾತ್ರ. ಅದಿಲ್ಲದೆಯೂ ಷಟರ್ ಬೀಳುತ್ತೆ. ಅದರಲ್ಲಿ 36 ಫೋಟೋದ ಒಂದು ರೋಲ್ ಹಾಕಿ, ನಿಮ್ಮ ಕಥೆಯನ್ನು 36 ಶಾಟಿನಲ್ಲಿ ಹೇಳಿ ನೋಡಿ. ಬೆಳಕು ಅಳೆಯೋದು, ಫೋಕಸ್ ಹಿಡಿಯೋದು, ಕ್ಲಿಕ್ ಮಾಡುವ ಮುಂಚೆ ಯೋಚಿಸೋದು... ಎಲ್ಲ ಕಡಿಮೆ ಖರ್ಚಿನಲ್ಲಿ ಬರುತ್ತೆ.

ನಮ್ಮ ಮೈಸೂರಿನ ವಿ.ಕೆ. ಮೂರ್ತಿ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಸ್ಟುಡಿಯೋ ಒಳಗೆ ಒಂದು ಬೆಳಕಿನ ಕೋಲು ಇಳಿಸಿದರಲ್ಲ, ಅದನ್ನು ಇವತ್ತಿಗೂ ಜನ ಮರೆತಿಲ್ಲ. ಅದಕ್ಕೆ ಅವರು ಬಳಸಿದ್ದು ಎರಡು ದೊಡ್ಡ ಕನ್ನಡಿ ಮತ್ತು ಹೊರಗಿನ ಬಿಸಿಲು. ಕನ್ನಡಿ ನಿಮ್ಮ ಮನೆಯಲ್ಲೂ ಇದೆ, ಬಿಸಿಲಿಗೆ ಬಾಡಿಗೆ ಇಲ್ಲ. ಕ್ಯಾಮೆರಾ ಹುಡುಕುವಷ್ಟು ದಿನ ಸುಮ್ಮನೆ ಕೂರಬೇಡಿ!

ಮುಂದಿನ ವಾರ: ಲೆನ್ಸಿಗೆ ಬೂಷ್ಟು ಬರದಂತೆ ಇಡುವುದು ಹೇಗೆ?