ಒಂದೇ ಮನೆಗೆ ಎರಡು ನೆಟ್

ಮಕ್ಕಳೇ, ಭದ್ರಾವತಿ ನೋಡಿದವರಿಗೆ ಅಲ್ಲಿನ ಹಳೆ ಸೇತುವೆ, ಹೊಸ ಸೇತುವೆ ಎರಡೂ ಗೊತ್ತಿರುತ್ತವೆ. ಮಳೆಗಾಲದಲ್ಲಿ ಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವುದು ಹೊಸ ಸೇತುವೆ! ಆಗ ಜನ ಹಳೆಯದರ ಮೇಲೆ ಓಡಾಡುತ್ತಾರೆ. ಇರುವುದು ಒಂದೇ ಸೇತುವೆಯಾಗಿದ್ದರೆ ಎಷ್ಟು ಪೇಚಾಟವಾಗುತ್ತಿತ್ತು, ಯೋಚಿಸಿ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಇಂಟರ್ನೆಟ್ಟಿಗೂ ಹೀಗೆ ಎರಡು ದಾರಿ ಮಾಡಿಕೊಂಡಿದ್ದೇವೆ. ಕೆಳಗೆ ನಾವಿಬ್ಬರು ಮತ್ತು ದೊಡ್ಡ ಮಗನ ಸಂಸಾರ, ಮಹಡಿಯಲ್ಲಿ ಚಿಕ್ಕವನದು. ಅಡುಗೆ ಮಾತ್ರ ಒಂದೇ ಒಲೆಯಲ್ಲಿ. ಸಂಜೆ ಏಳು ಗಂಟೆಗೆ ದೊಡ್ಡವನಿಗೆ ಆಫೀಸಿನ ಮೀಟಿಂಗು, ಮಹಡಿಯಲ್ಲಿ ಮೊಮ್ಮಗಳಿಗೆ ಆನ್‌ಲೈನ್ ಗಣಿತ, ಟಿವಿಯಲ್ಲಿ ಕ್ರಿಕೆಟ್ಟು. ಅದೇ ಹೊತ್ತಿಗೆ ಭದ್ರಾವತಿಯ ನಮ್ಮಕ್ಕನ ವಿಡಿಯೊ ಕಾಲ್. “ಏ ತಮ್ಮಾ, ಕೇಳಿಸ್ತಾ?” ಎನ್ನುವಷ್ಟರಲ್ಲಿ ಅಕ್ಕನ ಮುಖ ಫೋಟೊದಂತೆ ನಿಂತುಬಿಡುತ್ತಿತ್ತು. “ನೆಟ್ ಎಲ್ಲಾ ಯಾರು ಎಳೀತಿರೋದು?” ಎಂದು ಮೇಲಿನವರಿಗೂ ಕೆಳಗಿನವರಿಗೂ ಕಿರಿಕಿರಿ.

ಒಂದು ದಿನ ಚಿಕ್ಕವನು, “ಅಪ್ಪಾ, ನಾನು ಮೇಲಕ್ಕೆ ಬೇರೆ ಕನೆಕ್ಷನ್ ಹಾಕಿಸಿಕೊಳ್ತೀನಿ” ಎಂದ. ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಕೆಳಗಿಟ್ಟಳು. “ಇವತ್ತು ಬೇರೆ ನೆಟ್ಟು, ನಾಳೆ ಬೇರೆ ಒಲೆ” ಎಂದಳು. ಆ ಮಾತಿನ ಭಯ ಮಕ್ಕಳಿಗೆ ತಿಳಿಯದು. ಓದುತ್ತಿರುವ ಅಜ್ಜ ಅಜ್ಜಿಯರಿಗೆ ತಿಳಿಯುತ್ತದೆ.

ಹಣ ಕಟ್ಟುವ ಮೊದಲು ತೊಂದರೆ ಎಲ್ಲಿದೆ ನೋಡೋಣ ಎಂದೆ. ಇದನ್ನು ನೀವೂ ಮಾಡಬಹುದು. ಲ್ಯಾಪ್‌ಟಾಪನ್ನು ತಂತಿಯಿಂದ ರೂಟರಿಗೆ ಜೋಡಿಸಿ ವೇಗ ಅಳೆಯಿರಿ. ಆಮೇಲೆ ವೈಫೈಯಲ್ಲಿ ಕೋಣೆ ಕೋಣೆಗೆ ಹೋಗಿ ಅಳೆಯಿರಿ. ತಂತಿಯಲ್ಲಿ ಪೂರ್ತಿ ವೇಗವಿದ್ದು ಕೋಣೆಯಲ್ಲಿ ಕಡಿಮೆಯಾದರೆ ತಪ್ಪು ಹೊರಗಿನ ಕನೆಕ್ಷನ್‌ನದಲ್ಲ, ಮನೆಯ ಗೋಡೆಗಳದು. ವೈಫೈ ಎಂದರೆ ರೇಡಿಯೊ ಅಲೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ಅಲೆ ನಿಧಾನ, ಆದರೆ ದೂರ ಹೋಗುತ್ತದೆ. ನಮ್ಮ ಮಹಡಿಯ ಅರ್ಧ ಕಷ್ಟಕ್ಕೆ ಕಾರಣ ನಡುವಿನ ಕಾಂಕ್ರೀಟ್ ಛಾವಣಿ. ಮೇಲಕ್ಕೊಂದು ತಂತಿ ಎಳೆದು, ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಟ್ಟೆವು. ಗಣಿತದ ಪಾಠ ಸರಾಗವಾಯಿತು.

ಹಾಗಾದರೆ ಎರಡನೇ ಕನೆಕ್ಷನ್ ಯಾಕೆ? ಮಳೆಗಾಲಕ್ಕಾಗಿ. ನಮ್ಮ ಬೀದಿಯಲ್ಲಿ ಕೇಬಲ್ ಕಂಬದಿಂದ ಕಂಬಕ್ಕೆ ಹಾದುಬರುತ್ತದೆ. ಗಾಳಿಗೆ ಕೊಂಬೆ ಬಿದ್ದರೆ ಮುಗಿಯಿತು. ಹೋದ ಆಷಾಢದಲ್ಲಿ ಎರಡು ದಿನ ನೆಟ್ ಇಲ್ಲದೆ ದೊಡ್ಡವನು ಕೆಲಸಕ್ಕೆ ರಜೆ ಹಾಕಬೇಕಾಯಿತು. ಅದಕ್ಕೇ ಎರಡನೆಯದನ್ನು ಬೇರೆ ಕಂಪನಿಯಿಂದ, ಬೇರೆ ಕಂಬದ ದಾರಿಯಿಂದ ತರಿಸಿದೆವು. ಎರಡೂ ಒಂದೇ ಕಂಬದಲ್ಲಿದ್ದರೆ ಒಂದೇ ಕೊಂಬೆಗೆ ಎರಡೂ ಹೋಗುತ್ತವೆ.

“ಅಜ್ಜಾ, ಎರಡು ಸೇರಿದರೆ ವೇಗವೂ ಎರಡರಷ್ಟಾ?” ಎಂದಳು ಮೊಮ್ಮಗಳು. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುವಂತೆ ಇವು ಸೇರುವುದಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸೂ ಇದೆ, ರೈಲೂ ಇದೆ. ಒಬ್ಬನೇ ಎರಡರಲ್ಲೂ ಕೂರಲಾಗದು. ಆದರೆ ಜನ ಹಂಚಿಹೋದರೆ ಎರಡರಲ್ಲೂ ನೂಕುನುಗ್ಗಲು ಕಡಿಮೆ. ಎರಡು ಕನೆಕ್ಷನ್ ಹಿಡಿಯುವ ರೂಟರ್ ಮಾಡುವುದು ಇದನ್ನೇ. ಒಂದರಲ್ಲಿ ಮೀಟಿಂಗು, ಇನ್ನೊಂದರಲ್ಲಿ ಕ್ರಿಕೆಟ್ಟು. ಒಂದು ಕಡಿದರೆ ಎಲ್ಲರನ್ನೂ ಇನ್ನೊಂದಕ್ಕೆ ಹತ್ತಿಸುತ್ತದೆ. ಆಗ ನಡೆಯುತ್ತಿದ್ದ ಕಾಲ್ ಕಟ್ಟಾಗಬಹುದು, ಮತ್ತೆ ಮಾಡಿದರಾಯಿತು. ಕರೆಂಟ್ ಹೋದಾಗ ಮಾತ್ರ ಎರಡೂ ನಿಲ್ಲುತ್ತವೆ; ಅದಕ್ಕೆ ರೂಟರ್ ಪೆಟ್ಟಿಗೆಗಳಿಗೆ ಪುಟ್ಟ ಯುಪಿಎಸ್ ಬೇಕು.

ಕಾಲ ಎಷ್ಟು ಬದಲಾಗಿದೆ ನೋಡಿ. 2004ರ ಸರ್ಕಾರಿ ನೀತಿಯಲ್ಲಿ 256 ಕೆಬಿಪಿಎಸ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು. ಇವತ್ತು 100 ಎಂಬಿಪಿಎಸ್ ಇದ್ದೂ ನಾವು ಸಾಲದೆನ್ನುತ್ತೇವೆ!

ಇನ್ನು ಒಲೆಯ ಪ್ರಶ್ನೆ. ನನ್ನ ಹೆಂಡತಿಯೇ ಎರಡು ಕಟ್ಟಳೆ ಮಾಡಿದಳು. ಎರಡೂ ಬಿಲ್ಲು ಮನೆಖರ್ಚಿನಿಂದಲೇ ಹೋಗಬೇಕು. “ನಂದು”, “ನಿಂದು” ಅನ್ನುವಂತಿಲ್ಲ. ಪಾಸ್‌ವರ್ಡು ಮನೆಯವರೆಲ್ಲರಿಗೂ ಗೊತ್ತಿರಬೇಕು, ಹೊರಗಿನವರಿಗೆ ಹೇಳಬಾರದು. ಊಟದ ಹೊತ್ತಿಗೆ ಎಲ್ಲ ಫೋನೂ ಕಪಾಟಿನ ಮೇಲೆ ಎಂಬ ಮೂರನೆಯದನ್ನು ಸೇರಿಸಿದವಳು ಚಿಕ್ಕ ಸೊಸೆ. ಅತ್ತೆಗೆ ಆಗ ಸಮಾಧಾನವಾಯಿತು.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯ ನಕ್ಷೆ ಬರೆದು, ಅಜ್ಜ ಅಥವಾ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಪ್ರತಿ ಕೋಣೆಯ ವೇಗ ಗುರುತಿಸಿ. ರೂಟರ್ ಬೀರುವಿನೊಳಗೋ ಟಿವಿಯ ಹಿಂದೋ ಅಡಗಿದ್ದರೆ, ಮನೆಯ ನಡುವೆ ಎತ್ತರದ ಜಾಗಕ್ಕೆ ತರಿಸಿ ಮತ್ತೆ ಅಳೆಯಿರಿ. ಎರಡನೇ ಕನೆಕ್ಷನ್ ಬೇಕೋ ಬೇಡವೋ ಎಂದು ನಿಮ್ಮ ನಕ್ಷೆಯೇ ಹೇಳುತ್ತದೆ.