‘ಯಪ್ಪಾ!’ ಎಂಬ ಹೆಸರಿನ ಕಾರು

ನಾವು ಸಣ್ಣವರಿದ್ದಾಗ ಊರಿನ ಕಟಿಂಗ್ ಅಂಗಡಿಯ ಗೋಡೆಗೆ ಒಂದು ಕಾರಿನ ಚಿತ್ರ ಅಂಟಿಸಿದ್ದರು. ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ಕಾರು. ಅದರ ಬಾಗಿಲುಗಳು ರೆಕ್ಕೆಯ ಹಾಗೆ ಮೇಲಕ್ಕೆ ಎದ್ದಿದ್ದವು. ಬಂಡಿ, ಎಸ್‌ಟಿ ಬಸ್ಸು, ಅಂಬಾಸಿಡರ್ ಬಿಟ್ಟರೆ ಬೇರೇನೂ ಕಾಣದ ನಾವು ‘ಯಪ್ಪಾ!’ ಎಂದು ಬಾಯಿ ತೆರೆದು ನಿಂತಿದ್ದೆವು. ಅದರ ಹೆಸರಿನ ಅರ್ಥವೂ ಹೆಚ್ಚು ಕಡಿಮೆ ಅದೇ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಅದು ಇಟಲಿಯ ಲಂಬೋರ್ಗಿನಿ ಕೂಂಟಾಚ್. ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಫೆರುಚ್ಚೊ ಲಂಬೋರ್ಗಿನಿ 1963ರಲ್ಲಿ ಕಟ್ಟಿದ ಕಂಪನಿಯ ಕಾರು. ವಿನ್ಯಾಸ ಮಾರ್ಚೆಲ್ಲೊ ಗಂಡೀನಿ ಅವರದು. 1971ರ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿತು. 1974ರಿಂದ 1990ರವರೆಗೆ ತಯಾರಾದವು ಎರಡು ಸಾವಿರಕ್ಕೂ ಕಡಿಮೆ.

‘ಕೂಂಟಾಚ್’ ಉತ್ತರ ಇಟಲಿಯ ಪಿಯೆಮೊಂಟೆ ಸೀಮೆಯ ಆಡುಮಾತು, ಬೆರಗಾದಾಗ ಆಡುವ ಉದ್ಗಾರ. ಆ ಕೆಲಸದಲ್ಲಿದ್ದ ಒಬ್ಬ ಕಾರ್ಮಿಕನಿಗೆ ಪಿಯೆಮೊಂಟೆ ಮಾತು ಬಿಟ್ಟು ಬೇರೆ ಬರುತ್ತಿರಲಿಲ್ಲ, ಅವನ ಬಾಯಲ್ಲಿ ಸದಾ ಈ ಮಾತು ಇರುತ್ತಿತ್ತು, ಅದೇ ಹೆಸರಾಯಿತು ಎಂದು ಗಂಡೀನಿಯವರೇ ಹೇಳಿದ್ದರು.

‘ಕನ್ನಡದಾಗ ಕಲ್ತು ಮುಂದ ಏನ್ ಮಾಡಬೇಕ್ರಿ ಸರ?’ ಎಂದು ಕೇಳುವ ಪಾಲಕರಿಗೆ ನಾವು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದೆವು. ಊರ ಮಾತು ಲೋಕವನ್ನೇ ಸುತ್ತಿತು ನೋಡಿ ಎನ್ನುತ್ತಿದ್ದೆವು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಲ್ಪಸಂಖ್ಯಾತ ಭಾಷೆಗಳಿಗೆ ರಕ್ಷಣೆ ಕೊಡಲು ಇಟಲಿ 1999ರಲ್ಲಿ ಮಾಡಿದ ಕಾನೂನಿನ 12 ಭಾಷೆಗಳಲ್ಲಿ ಪಿಯೆಮೊಂಟೆ ನುಡಿ ಇಲ್ಲ. ಯುನೆಸ್ಕೋ ಅದನ್ನು ಅಳಿವಿನ ಅಂಚಿನ ಭಾಷೆಗಳ ಜೊತೆ ಸೇರಿಸಿದೆ. 2021ರಲ್ಲಿ ಕಂಪನಿ ಹಳೆಯ ಹೆಸರಿನಲ್ಲೇ 112 ಹೊಸ ಕಾರುಗಳನ್ನು ಘೋಷಿಸಿತು. ಹೆಸರು ಉಳಿಯಿತು, ಅದನ್ನು ಆಡುವ ಮನೆಗಳು ಕಡಿಮೆಯಾದವು.

ಕೀರ್ತಿಯಿಂದ ಭಾಷೆ ಉಳಿಯುವುದಿಲ್ಲ. ಮಗು ಅದರಲ್ಲಿ ಓದಬೇಕು, ಬರೆಯಬೇಕು, ಲೆಕ್ಕ ಮಾಡಬೇಕು. ಗಡಿಯಾಚೆ ನಮಗೆ ಇನ್ನೂ ಕನ್ನಡ ಶಾಲೆಗಳಿವೆ. ಮರಾಠಿ, ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ, ಅವೂ ಬೇಕು. ಆದರೆ ಈ ಶಾಲೆಗಳಿಗೆ ಮಕ್ಕಳನ್ನು ಕಳಿಸದೆ ಬರೀ ಕನ್ನಡಾಭಿಮಾನದ ಭಾಷಣ ಮಾಡಿದರೆ ಏನು ಫಲ?

ಶಿಕ್ಷಕರಾದ ನಮ್ಮದೂ ತಪ್ಪಿದೆ. ಪ್ರಬಂಧದಲ್ಲಿ ‘ಯಪ್ಪಾ’ ಎಂದು ಬರೆದ ಹುಡುಗನಿಗೆ ಕೆಂಪು ಗೆರೆ ಎಳೆದು ‘ಅಬ್ಬಾ’ ಎಂದು ತಿದ್ದಿಕೊಟ್ಟವರು ನಾವೇ. ಮನೆಯ ಮಾತಿಗೆ ಶಾಲೆಯಲ್ಲೇ ಜಾಗವಿಲ್ಲವೆಂದರೆ ಮಗು ಶಾಲೆಯನ್ನು ತನ್ನದೆಂದು ಹೇಗೆ ತಿಳಿದೀತು? ಆ ಗೆರೆ ಎಳೆಯುವುದನ್ನು ನಾವು ಬಿಟ್ಟಿದ್ದೇವೆ. ನೀವೇನಂತೀರಿ?