ರಕ್ತದ ದೋಷಕ್ಕೆ ಸೊಸೆಯನ್ನೇಕೆ ದೂರಬೇಕು?

ಥಲಸ್ಸೇಮಿಯಾ ಪೀಡಿತ ಮಗು ಜನಿಸಿದ ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯ ಚಿಂತೆಗಿಂತ ಮೊದಲೇ ಆರೋಪಿಯ ಹುಡುಕಾಟ ಆರಂಭವಾಗುತ್ತದೆ. 'ನಮ್ಮ ವಂಶದಲ್ಲಿ ಈ ಕಾಯಿಲೆ ಯಾರಿಗೂ ಇರಲಿಲ್ಲ' ಎಂಬ ಒಂದು ಮಾತಿನಿಂದ ತಪ್ಪೆಲ್ಲವೂ ಸೊಸೆಯ ತಲೆಗೆ ಬೀಳುತ್ತದೆ. ಆದರೆ ಸತ್ಯವೇ ಬೇರೆ. ಈ ಕಾಯಿಲೆಯ ತೀವ್ರ ರೂಪವು ಮಗುವಿಗೆ ಬರಬೇಕಾದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಿರಬೇಕು.

ಹಾಗಾದರೆ ಮಕ್ಕಳ ಪ್ರಾಣಕ್ಕೇ ಎರವಾಗುವ ಈ ವಂಶವಾಹಿ ಸಾವಿರಾರು ವರ್ಷಗಳಲ್ಲಿ ಅಳಿದುಹೋಗಲಿಲ್ಲವೇಕೆ? ಮೆಡಿಟರೇನಿಯನ್ ಪ್ರದೇಶದಲ್ಲಿ ಥಲಸ್ಸೇಮಿಯಾ ಹೆಚ್ಚಾಗಿರುವುದಕ್ಕೆ ಮಲೇರಿಯಾ ಕಾರಣವಿರಬಹುದೆಂದು 1949ರಲ್ಲಿ ಸೂಚಿಸಿದವರು, ಮುಂದೆ ಭಾರತದ ಪ್ರಜೆಯಾದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಇನ್ನೊಂದು ರಕ್ತದೋಷವಾದ ಸಿಕಲ್ ಸೆಲ್‌ನ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಇದೆಯೆಂಬುದನ್ನು ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ನಡೆಸಿದ ಆಂಟನಿ ಆಲಿಸನ್ 1954ರಲ್ಲಿ ಪ್ರಕಟಿಸಿದರು.

ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದವರನ್ನು ವಾಹಕರೆನ್ನುತ್ತಾರೆ. ಅವರು ಸಾಮಾನ್ಯವಾಗಿ ಆರೋಗ್ಯವಂತರು. ಮಾರಕ ಮಲೇರಿಯಾ ಅವರನ್ನು ಅಷ್ಟು ಸುಲಭವಾಗಿ ಬಲಿ ಪಡೆಯುವುದಿಲ್ಲ. ಹೀಗಾಗಿ ಮಲೇರಿಯಾ ಪೀಡಿತ ನಾಡುಗಳಲ್ಲಿ ವಾಹಕರೇ ಹೆಚ್ಚಾಗಿ ಬದುಕುಳಿದು ತಂದೆ ತಾಯಿಯರಾದರು. ಅನೇಕರಿಗೆ ಗುರಾಣಿಯಾದ ಈ ವಂಶವಾಹಿಯ ಬೆಲೆಯನ್ನು, ಅದನ್ನು ಎರಡೂ ಕಡೆಯಿಂದ ಪಡೆದ ಮಕ್ಕಳು ತೆತ್ತರು. ಇಟಲಿಯ ಸಾರ್ಡಿನಿಯಾ ದ್ವೀಪದಿಂದ 1950ರ ಹೊತ್ತಿಗೆ ಮಲೇರಿಯಾವನ್ನು ಓಡಿಸಲಾಯಿತು. ಥಲಸ್ಸೇಮಿಯಾ ಮಾತ್ರ ಹೋಗಲಿಲ್ಲ. ಏಕೆಂದರೆ ವಂಶವಾಹಿಯು ಆರೋಗ್ಯವಂತ ವಾಹಕರ ರಕ್ತದಲ್ಲಿ ಯಾರಿಗೂ ಕಾಣದಂತೆ ಮುಂದುವರಿಯುತ್ತದೆ.

ಆದ್ದರಿಂದ ಇದು ಶಾಪವೂ ಅಲ್ಲ, ಯಾವುದೇ ಮನೆತನದ ಕಳಂಕವೂ ಅಲ್ಲ. ಆದರೆ ತಿಳಿದ ಮೇಲೆಯೂ ಸುಮ್ಮನಿರುವುದು ತಪ್ಪು. ದಂಪತಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಮಗು ರೋಗಪೀಡಿತವಾಗುವ ಸಾಧ್ಯತೆ ಶೇಕಡಾ 25. ಕುಟುಂಬದಲ್ಲಿ ಈ ದೋಷವಿದ್ದರೆ ರಕ್ತಸಂಬಂಧದೊಳಗಿನ ವಿವಾಹದಿಂದ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಅಂಥ ಮಗು ಕೆಲವು ವಾರಗಳಿಗೊಮ್ಮೆ ಬೇರೆಯವರ ರಕ್ತ ಪಡೆದು ಬದುಕಬೇಕು. ದೇಹದಲ್ಲಿ ಶೇಖರವಾಗುವ ಕಬ್ಬಿಣಾಂಶವನ್ನು ಹೊರಹಾಕಲು ನಿರಂತರ ಔಷಧಿ ಸೇವಿಸಬೇಕು.

ಇರಾನ್ 1997ರಲ್ಲಿ, ಸೌದಿ ಅರೇಬಿಯಾ 2004ರಲ್ಲಿ ವಿವಾಹಪೂರ್ವ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿದವು. ಸಂಬಂಧ ಕುದುರಿಸುವಾಗ ಮನೆತನ, ಉದ್ಯೋಗ, ಒಡವೆಗಳನ್ನೆಲ್ಲ ವಿಚಾರಿಸುವ ನಾವು ಒಂದು ರಕ್ತಪರೀಕ್ಷೆಗೆ ಹಿಂಜರಿಯುವುದೇಕೆ? ನಿಕಾಹ್‌ಗೆ ಮುನ್ನ ಈ ಪರೀಕ್ಷೆ ಮಾಡಿಸುವಂತೆ ನಮ್ಮ ಜಮಾಅತ್‌ಗಳೇ ಏಕೆ ಸಲಹೆ ನೀಡಬಾರದು?

ಆದರೆ ಒಂದು ಎಚ್ಚರ ಅಗತ್ಯ. ಈ ಪರೀಕ್ಷೆಯು ಹೆಣ್ಣನ್ನು ತಿರಸ್ಕರಿಸುವ ಮತ್ತೊಂದು ನೆಪವಾಗಬಾರದು. ಗಂಡು ಹೆಣ್ಣು ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕು, ಫಲಿತಾಂಶ ಗೌಪ್ಯವಾಗಿರಬೇಕು. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರಲ್ಲಿ ಇಂಥ ಯಾವ ರಕ್ತದೋಷವೂ ಇಲ್ಲದಿದ್ದರೆ ಮಕ್ಕಳಿಗೆ ತೀವ್ರ ಥಲಸ್ಸೇಮಿಯಾದ ಭಯವಿಲ್ಲ. ಆ ಸಂಬಂಧವನ್ನು ಮುರಿಯಲು ಕಾರಣವೂ ಇಲ್ಲ.

ಮಗು ಹುಟ್ಟಿದ ಮೇಲೆ ಸೊಸೆಯನ್ನು ವಿಚಾರಣೆಗೆ ನಿಲ್ಲಿಸುವ ಹಿರಿಯರು, ಮದುವೆಗೆ ಮುನ್ನವೇ ಮಗನನ್ನೂ ಮಗಳನ್ನೂ ಪ್ರಯೋಗಾಲಯಕ್ಕೆ ಕರೆದೊಯ್ಯಲಿ. ಹುಟ್ಟಲಿರುವ ಮಕ್ಕಳ ಹಕ್ಕು ಅದು.